ಅವ್ವನ ಕತ್ತರಿ, ಕೌದಿ ಮತ್ತು ನನ್ನದೊಂದು ಹಳೆಯ ಬಾಕಿ



ಕಳೆದ ತಿಂಗಳು ನನಗೊಂದು ಪತ್ರ ಬಂದಿತು. ಬರೆದವಳು 1986ರಲ್ಲಿ ಒಂಬತ್ತನೆಯ ತರಗತಿಯಲ್ಲಿ ನನ್ನ ಬಳಿ ಇತಿಹಾಸ ಓದಿದವಳು. ಹೆಸರು ಹೇಳುವುದಿಲ್ಲ. ಆಕೆಯ ಮಗಳು ಈಗ ಕೌದಿ ಹೊಲಿಯುವ ಹವ್ಯಾಸ ಹಚ್ಚಿಕೊಂಡಿದ್ದಾಳಂತೆ. ಅಂತರಜಾಲದಲ್ಲಿ ನೋಡಿ ಕಲಿತು, ಅರಿವೆ ಕತ್ತರಿಸಲು ಗಾಲಿಯಂತಹ ಒಂದು ಹೊಸ ಕಟರ್ ತರಿಸಿಕೊಂಡಿದ್ದಾಳೆ. ಪತ್ರದ ಕೊನೆಯಲ್ಲಿ ಹೀಗೆ ಬರೆದಿದ್ದಳು: "ಸರ್, ಅದನ್ನ ನೋಡಿದ್ರ ನನ್ನ ಎದಿ ಝಲ್ ಅಂತದ. ಅಕಿಗೆ ಏನು ಹೇಳಲಿ? ಅಕಿನೂ ನನ್ನಂಗ ಎಡಚಿ."

ಈ ಕೊನೆಯ ವಾಕ್ಯವನ್ನು ಓದಿದ ಮೇಲೆ ನಾನು ಪತ್ರವನ್ನು ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕಾರಣವನ್ನು ಮುಂದೆ ಹೇಳುತ್ತೇನೆ. ಅವಳಿಗೆ ಎರಡು ಸಾಲಿನ ಉತ್ತರ ಬರೆಯಬಹುದಾಗಿತ್ತು. ಆದರೆ ನಿಮಗೆಲ್ಲ ತಿಳಿದಿರುವಂತೆ, ಎರಡು ಸಾಲಿನಲ್ಲಿ ಉತ್ತರ ಮುಗಿಸಿದ ಚರಿತ್ರೆ ನನ್ನದಲ್ಲ!

ನಮ್ಮ ಧಾರವಾಡದ ಸೀಮೆಯಲ್ಲಿ ಕೌದಿಯಿಲ್ಲದ ಮನೆಯನ್ನು ನನ್ನ ಬಾಲ್ಯದಲ್ಲಿ ನಾನು ಕಾಣಲಿಲ್ಲ. ಹರಿದ ಇಳಕಲ್ ಸೀರೆ, ಅಪ್ಪನ ಸವೆದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ, ಹೀಗೆ ಮನೆಯ ಮಂದಿಯ ಮೈಮೇಲೆ ಬಾಳಿದ ಅರಿವೆಯೆಲ್ಲ ಪದರ ಪದರವಾಗಿ ಕೂಡಿ, ಉದ್ದ ಸಾಲಿನ ಹೊಲಿಗೆಯಲ್ಲಿ ಬಂಧಿತವಾಗಿ, ಮತ್ತೆ ಅದೇ ಮಂದಿಯ ಮೈಮೇಲೆ ಬರುತ್ತಿತ್ತು. ಸುಗ್ಗಿ ಮುಗಿದ ಮೇಲೆ ಗೊಂದಲಿಗರ ಹೆಣ್ಣುಮಕ್ಕಳು ಓಣಿಗೆ ಬಂದು ಕಟ್ಟೆಯ ಮೇಲೆ ಕುಳಿತು ಕೌದಿ ಹೊಲಿದುಕೊಟ್ಟು, ಜೋಳವನ್ನೂ ಒಂದಿಷ್ಟು ರೊಕ್ಕವನ್ನೂ ಪಡೆದು ಹೋಗುತ್ತಿದ್ದರು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಡೆ ನೆಲೆಸಿರುವ ಸಿದ್ದಿ ಹೆಂಗಸರ ಕೌದಿಗಳಂತೂ ಇಂದು ವಿದೇಶದ ವಸ್ತುಸಂಗ್ರಹಾಲಯಗಳ ಗೋಡೆಗಳನ್ನು ಸೇರಿವೆ. ಅವರು ಅಂಚಿನಿಂದ ಆರಂಭಿಸಿ ಒಳಮುಖವಾಗಿ ಹೊಲಿಯುತ್ತ ನಡುವಿಗೆ ಬಂದು ಸೇರುತ್ತಾರೆ. ನಾಲ್ಕು ಮೂಲೆಗೆ ಹೂವಿನಂತೆ ಮಡಿಸಿದ ತುಣುಕುಗಳನ್ನು ಹಚ್ಚದಿದ್ದರೆ ಕೌದಿ ಬತ್ತಲೆಯೆಂದೇ ಅವರ ಭಾವನೆ. ಹೆನ್ರಿ ಡ್ರೂಯಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಈ ಕೌದಿಗಳ ಬಗೆಗೆ ಅಧ್ಯಯನ ನಡೆಸಿ, 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘವೊಂದು ಮೂಡಲು ನೆರವಾದರು.

ಹೊಲಿಗೆಯ ಅಂದದ ಬಗ್ಗೆ ಬರೆದವರು ಬಹಳ. ಆದರೆ ಹೊಲಿಗೆಗೆ ಮೊದಲು ಕತ್ತರಿಸುವ ಕೆಲಸವೊಂದಿದೆಯಲ್ಲ, ಅದರ ಬಗ್ಗೆ ಬರೆದವರು ಕಡಿಮೆ. ರಕ್ತ ಬರುವುದು ಹೆಚ್ಚಾಗಿ ಅಲ್ಲಿಯೇ.

ನಮ್ಮ ಅವ್ವನ ಬಳಿ ಒಂದು ಮೀರತ್ ಕತ್ತರಿ ಇತ್ತು. ಹಿಡಿಕೆ ಹಿತ್ತಾಳೆಯದು, ಅಲಗು ಉಕ್ಕಿನದು. ಅದನ್ನು ಅಡುಗೆಮನೆಯ ಗೋಡೆಗೆ, ನಮ್ಮ ಕೈಗೆ ನಿಲುಕದ ಎತ್ತರದಲ್ಲಿ ಒಂದು ಮೊಳೆಗೆ ತೂಗುಹಾಕುತ್ತಿದ್ದಳು. ಅದರ ಸುತ್ತ ಒಂದು ಶಾಸ್ತ್ರವೇ ಇತ್ತು. ಕತ್ತರಿಯನ್ನು ಕೈಯಿಂದ ಕೈಗೆ ಕೊಡಬಾರದು. "ತಮ್ಮಾ, ಕೈಯಾಗ ಕೊಡಬ್ಯಾಡೋ, ನೆಲಕ್ಕ ಇಡು, ನಾನ ತಗೋತೇನಿ" ಎನ್ನುತ್ತಿದ್ದಳು. ಕೈಗೆ ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ! ಬರಿಗತ್ತರಿಯನ್ನು ಟಕಟಕ ಆಡಿಸಬಾರದು, ಮನೆಯಲ್ಲಿ ಕಲಹ. ದೀಪ ಹಚ್ಚಿದ ಮೇಲೆ ಸೂಜಿ ಹಿಡಿಯಬಾರದು, ಯಾರಿಗೂ ಎರವಲು ಕೊಡಬಾರದು, ಲಕ್ಷ್ಮಿ ಹೋಗುತ್ತಾಳೆ. ನಾನು ಕಾಲೇಜಿಗೆ ಹೋಗಿ ನಾಲ್ಕಕ್ಷರ ಕಲಿತು ಬಂದ ಮೇಲೆ ಇವನ್ನೆಲ್ಲ ಮೂಢನಂಬಿಕೆಯೆಂದು ಅವಳೊಡನೆ ವಾದಿಸಿದ್ದುಂಟು. ಇಂದು ಯೋಚಿಸಿದರೆ ನಾಚಿಕೆಯಾಗುತ್ತದೆ. ಕೈಯಿಂದ ಕೈಗೆ ದಾಟುವಾಗಲೇ ಅಲಗು ತಾಗುವುದು. ಬರಿಗತ್ತರಿಯನ್ನು ಆಡಿಸುವುದು ಮಕ್ಕಳೇ. ಚಿಮಣಿಯ ಮಂದ ಬೆಳಕಿನಲ್ಲಿ ಬಿದ್ದ ಸೂಜಿ ಸಿಕ್ಕುವುದು ಮರುದಿನ ಯಾರದೋ ಪಾದಕ್ಕೆ. ಕಾರಣ ಹೇಳಿದರೆ ಮಕ್ಕಳು ಕೇಳುವುದಿಲ್ಲವೆಂದು ಬಲ್ಲ ಹಿರಿಯರು ಲಕ್ಷ್ಮಿಯ ಹೆಸರನ್ನು ಹೇಳಿದರು. ಎಲ್ಲ ನಂಬಿಕೆಗಳಿಗೂ ಹೀಗೆ ಒಳ್ಳೆಯ ಕಾರಣವಿರುತ್ತದೆಂದು ನಾನು ಹೇಳುವುದಿಲ್ಲ. ಇವಕ್ಕಂತೂ ಇತ್ತು.

ಅವ್ವ ಅರಿವೆಯನ್ನು ಕತ್ತರಿಸುತ್ತಿದ್ದುದು ಕಡಿಮೆ, ಹರಿಯುತ್ತಿದ್ದುದೇ ಹೆಚ್ಚು. ಅಂಚಿಗೆ ಕತ್ತರಿಯಿಂದ ಒಂದು ಬೆರಳಗಲ ಕಚ್ಚು ಹಾಕಿ, ಎರಡು ಕೈಯಲ್ಲಿ ಹಿಡಿದು ಪರ್ರನೆ ಎಳೆದರೆ ಹತ್ತಿಯ ಸೀರೆ ಎಳೆಯ ಗುಂಟ ನೇರವಾಗಿ ಸೀಳುತ್ತಿತ್ತು. ನೇಯ್ಗೆಯ ಹಾಸು ಹೊಕ್ಕುಗಳೇ ಅಲ್ಲಿ ಅಳತೆಪಟ್ಟಿ. ಅಲಗಿಗೆ ಕೆಲಸವೇ ಇಲ್ಲದಿರುವಲ್ಲಿ ಗಾಯವೆಲ್ಲಿ? ಆದರೆ ಹಳೆಯ ಅಂಗಿ ರವಿಕೆಗಳ ಹೊಲಿಗೆ ಬಿಚ್ಚುವಾಗ ಅವಳು ಕತ್ತರಿಯನ್ನೂ ಬಿಟ್ಟು ಬೇರೊಂದನ್ನು ಹಿಡಿಯುತ್ತಿದ್ದಳು. ಅದು ಅಪ್ಪ ಗಡ್ಡ ಹೆರೆದು ಬಿಟ್ಟ ಬ್ಲೇಡಿನ ಅರ್ಧ ತುಂಡು. ಉದ್ದಕ್ಕೆ ಮುರಿದ ಆ ಅರ್ಧ ಬ್ಲೇಡು ಕಿಟಕಿಯ ಚೌಕಟ್ಟಿನ ಸಂದಿಯಲ್ಲಿ ಸದಾ ಸಿಕ್ಕಿಸಿರುತ್ತಿತ್ತು. ಒಂದು ದಿನ ದಾರ ಬಿಗಿಯಾಗಿದ್ದ ಕಡೆ ಒತ್ತಿ ಎಳೆದಾಗ ಬ್ಲೇಡು ಬಾಗಿ ಸಿಡಿದು ಅವಳ ಬಲಗೈ ಹೆಬ್ಬೆರಳನ್ನು ಗೆಣ್ಣಿನವರೆಗೆ ಸೀಳಿತು. ಅವ್ವ ಗಾಯದ ಮೇಲೆ ಅರಿಷಿಣ ಮೆತ್ತಿ, ಅದೇ ರವಿಕೆಯ ಬಟ್ಟೆಯನ್ನು ಸುತ್ತಿ, ರೊಟ್ಟಿ ಬಡಿಯಲು ಕುಳಿತಳು. ಹದಿನೈದು ದಿನ ಅಪ್ಪ ರಾತ್ರಿ ಎದ್ದೆದ್ದು ಅವಳ ದವಡೆ ಬಿಗಿದಿದೆಯೇ ಎಂದು ನೋಡುತ್ತಿದ್ದರು. ನಮ್ಮ ಓಣಿಯಲ್ಲೇ ಧನುರ್ವಾಯುವಿನಿಂದ ಒಬ್ಬರು ಸತ್ತಿದ್ದರು. ಅವ್ವನಿಗೆ ಹಾಗೇನೂ ಆಗಲಿಲ್ಲ. ಆದರೆ ಆ ಹೆಬ್ಬೆರಳು ಮತ್ತೆ ಪೂರ್ತಿಯಾಗಿ ಮಡಿಯಲಿಲ್ಲ.

ಇತಿಹಾಸದ ವ್ಯಂಗ್ಯವನ್ನು ನೋಡಿ. ಆ ಬ್ಲೇಡಿನ ಮೂಲಪುರುಷ ಕಿಂಗ್ ಕ್ಯಾಂಪ್ ಜಿಲೆಟ್ 1904ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರ ಪಡೆದದ್ದು 'ಸೇಫ್ಟಿ ರೇಜರ್'ಗೆ, ಎಂದರೆ ಸುರಕ್ಷಿತ ಕ್ಷೌರಸಾಧನಕ್ಕೆ! ಆ ಸಾಧನದ ಸುರಕ್ಷತೆ ಇದ್ದುದು ಅಲಗಿನಲ್ಲಲ್ಲ, ಅಲಗನ್ನು ಎರಡು ಬದಿಯಿಂದ ಅದುಮಿ ಹಿಡಿದು ಅಂಚನ್ನಷ್ಟೇ ಹೊರಗೆ ಬಿಡುವ ಹಿಡಿಕೆಯಲ್ಲಿ. ಬ್ಲೇಡನ್ನು ಹಿಡಿಕೆಯಿಂದ ಹೊರತೆಗೆದು ಮುರಿದೊಡನೆ ಸುರಕ್ಷತೆ ಹಿಡಿಕೆಯಲ್ಲೇ ಉಳಿಯಿತು, ಹರಿತ ಮಾತ್ರ ಅವ್ವನ ಕೈಗೆ ಬಂತು. ಹೊಲಿಗೆ ಬಿಚ್ಚಲೆಂದೇ ಕವಲೊಡೆದ ತುದಿಯ, ಒಂದು ಕವಲಿನ ತುದಿಗೆ ಮಣಿಯಿಟ್ಟ ಪುಟ್ಟ ಸಲಕರಣೆ ಇಂದು ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ಅತಿ ಅಗ್ಗಕ್ಕೆ ಸಿಗುತ್ತದೆ. ಆದರೂ ಅರ್ಧ ಬ್ಲೇಡು ಬಳಸುವ ಹೆಂಗಸರನ್ನೂ ದರ್ಜಿಗಳನ್ನೂ ನಾನು ಈಗಲೂ ಕಾಣುತ್ತೇನೆ. ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಇಂದೇ ಅದನ್ನು ಮುಚ್ಚಳದ ಡಬ್ಬಿಗೆ ಹಾಕಿ.

ಕತ್ತರಿಗೆ ಮರಳೋಣ. ಕನ್ನಡದ 'ಕತ್ತರಿ' ಸಂಸ್ಕೃತದ 'ಕರ್ತರೀ' ಶಬ್ದದ ತದ್ಭವ. ವಸ್ತುವಾದರೋ ಶಬ್ದಕ್ಕಿಂತ ಹಳೆಯದು. ಮೂರು ಸಾವಿರ ವರ್ಷಕ್ಕೂ ಹಿಂದೆ ಪಶ್ಚಿಮ ಏಷ್ಯಾದ ಜನರು ಎರಡು ಅಲಗುಗಳನ್ನು ಒಂದು ಬಾಗಿದ ಲೋಹದ ಪಟ್ಟಿಯಿಂದ ಕೂಡಿಸಿದ ಚಿಮಟಿಗೆಯಂತಹ ಕತ್ತರಿಯನ್ನು ಬಳಸುತ್ತಿದ್ದರು. ಒತ್ತಿದರೆ ಕತ್ತರಿಸುತ್ತದೆ, ಬಿಟ್ಟರೆ ತಾನೇ ತೆರೆದುಕೊಳ್ಳುತ್ತದೆ. ಇದು ಸತ್ತುಹೋದ ವಿದ್ಯೆಯೆಂದು ಭಾವಿಸಬೇಡಿ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದಾರ ಕತ್ತರಿಸುವ ಹುಡುಗಿಯರ ಕೈಯಲ್ಲಿರುವ 'ಟ್ರಿಮ್ಮರ್' ಅದೇ ಆಕಾರದ್ದು! ನಡುವೆ ಮೊಳೆ ಜಡಿದು ಅಡ್ಡಡ್ಡ ಚಲಿಸುವ, ನಾವು ಇಂದು ಕತ್ತರಿಯೆಂದು ಕರೆಯುವ ರೂಪ ರೋಮನ್ನರ ಕಾಲದ್ದು, ಎಂದರೆ ಕ್ರಿ.ಶ. ಒಂದು-ಎರಡನೆಯ ಶತಮಾನದ ಆಸುಪಾಸಿನದು.

ನಮ್ಮ ಸುಶ್ರುತ ಸಂಹಿತೆಯಲ್ಲಿ ಇಪ್ಪತ್ತು ಬಗೆಯ ಶಸ್ತ್ರಗಳ ಪಟ್ಟಿಯಿದೆ. ಅವುಗಳಲ್ಲಿ ಶರಾರಿ ಎಂಬ ಹಕ್ಕಿಯ ಕೊಕ್ಕಿನಂತಹುದೊಂದನ್ನು ಕತ್ತರಿಯೆಂದೇ ವ್ಯಾಖ್ಯಾನಕಾರರು ಗುರುತಿಸುತ್ತಾರೆ. ಪಟ್ಟಿಗಿಂತಲೂ ನನಗೆ ಹಿಡಿಸಿದ್ದು ಅದರ ಮುಂದಿನ ಮಾತುಗಳು. ಶಸ್ತ್ರವನ್ನು ಮಸೆಯಲು ಉದ್ದಿನಬಣ್ಣದ ನುಣುಪಾದ ಕಲ್ಲಿರಬೇಕು. ಮಸೆದ ಅಲಗಿನ ಹರಿತವನ್ನು ಕಾಪಾಡಲು ಶಾಲ್ಮಲಿಯ, ಅಂದರೆ ಬೂರುಗದ ಹಲಗೆಯಿರಬೇಕು. ರೋಮವನ್ನು ಕತ್ತರಿಸುವಷ್ಟು ಹರಿತವಾಗಿ, ಹಿಡಿಯಲು ಸರಿಯಾಗಿದ್ದಾಗ ಮಾತ್ರ ಅದನ್ನು ಬಳಸಬೇಕು. ಶಿಷ್ಯನು ರೋಗಿಯ ಮೈ ಮುಟ್ಟುವ ಮೊದಲು ಕುಂಬಳ, ಸೋರೆ, ಸೌತೆಗಳ ಮೇಲೆ ಕೈ ಪಳಗಿಸಿಕೊಳ್ಳಬೇಕು. ಹರಿತ, ಹಿಡಿತ, ಹಲಗೆ, ಅಭ್ಯಾಸ. ಇಂದಿನ ಕೌದಿಯ ಹುಡುಗಿಗೆ ಹೇಳಬೇಕಾದುದೂ ಬಹುಮಟ್ಟಿಗೆ ಇಷ್ಟೇ.

ಹರಿತವಾದ ಅಲಗು ಅಪಾಯ, ಮೊಂಡ ಅಲಗು ನಿರಪಾಯ ಎಂದು ತಿಳಿದವರು ಬಹಳ ಮಂದಿ. ವಾಸ್ತವ ಇದಕ್ಕೆ ವಿರುದ್ಧ. ಹರಿತವಾದ ಅಲಗು ತನ್ನ ಭಾರದಿಂದಲೇ ಅರಿವೆಯೊಳಗೆ ಇಳಿಯುತ್ತದೆ, ನೀವು ತೋರಿದ ದಾರಿಯಲ್ಲಿ ಹೋಗುತ್ತದೆ. ಮೊಂಡ ಅಲಗಿಗೆ ಬಲ ಹಾಕಬೇಕು. ಬಲ ಹಾಕಿದಾಗ ಅದು ಜಾರುತ್ತದೆ; ಜಾರಿದ ಮೇಲೆ ಆ ಬಲವೆಲ್ಲ ಎಲ್ಲಿಗೆ ಹೋಗಬೇಕು? ಎದುರಿಗಿರುವ ಇನ್ನೊಂದು ಕೈಗೆ. ಹಿಂದೆ ಸಾಣೆಯವನು ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಕೂಗುತ್ತ ಬರುತ್ತಿದ್ದ. ಅವ್ವ ಬೇರೆ ಯಾವ ಖರ್ಚನ್ನು ತಡೆದರೂ ಅವನಿಗೆ ಕೊಡುವ ನಾಲ್ಕಾಣೆಯನ್ನು ತಡೆಯುತ್ತಿರಲಿಲ್ಲ. ಆ ಕತ್ತರಿಯಲ್ಲಿ ಕಾಗದ ಕತ್ತರಿಸಿದವರಿಗೆ ಮಾತ್ರ ಬೆನ್ನಿಗೊಂದು ಬೀಳುತ್ತಿತ್ತು. ಕಾಗದ ಅರಿವೆಗತ್ತರಿಯ ಶತ್ರು.

ಉಕ್ಕಿನ ಮಾತು ಬಂದಾಗ ಕನ್ನಡಿಗರಾದ ನಾವು ಸ್ವಲ್ಪ ತಲೆಯೆತ್ತಬಹುದು. ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕರಗಿಸಿ ತಯಾರಿಸುತ್ತಿದ್ದ ಉಕ್ಕನ್ನು ಯೂರೋಪಿನವರು 'ವೂಟ್ಜ್' ಎಂದು ಕರೆದರು. ಅದು ನಮ್ಮ 'ಉಕ್ಕು' ಶಬ್ದದ ಅಪಭ್ರಂಶವೆಂದು ಅನೇಕ ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಉಕ್ಕಿನ ಕುರಿತ ಪ್ರಬಂಧವನ್ನು ಮಂಡಿಸಿದರು. ಚೂರಿ ಮತ್ತು ಶಸ್ತ್ರವೈದ್ಯರ ಉಪಕರಣಗಳನ್ನು ತಯಾರಿಸುತ್ತಿದ್ದ ಜೇಮ್ಸ್ ಸ್ಟೊಡಾರ್ಟ್ ಅದನ್ನು ಬಹುವಾಗಿ ಮೆಚ್ಚಿ ಬಳಸಿದರು. ಮುಂದೆ ವಿದ್ಯುತ್ತಿನಿಂದ ಜಗತ್ಪ್ರಸಿದ್ಧರಾದ ಮೈಕೆಲ್ ಫ್ಯಾರಡೆ ಇದೇ ಸ್ಟೊಡಾರ್ಟರೊಡನೆ ಸೇರಿ ಈ ಉಕ್ಕಿನ ಗುಟ್ಟನ್ನು ಹುಡುಕುತ್ತ 1820ರಲ್ಲಿ ಪ್ರಬಂಧ ಪ್ರಕಟಿಸಿದರು. ಅಷ್ಟರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ತನ್ನದೇ ಮೂಸೆಯುಕ್ಕನ್ನು ಮಾಡಿದ್ದ. ಅದೇ ಊರಿನ ರಾಬರ್ಟ್ ಹಿಂಚ್‌ಲಿಫ್ 1761ರಲ್ಲಿ ಅಂತಹ ಉಕ್ಕಿನಿಂದ ಕತ್ತರಿಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡತೊಡಗಿದ್ದ. ದರ್ಜಿಯ ಮನೆಯ ಕತ್ತರಿ ಸಾಮಾನ್ಯರ ಮನೆಗೆ ಬಂದದ್ದು ಆ ಬಳಿಕವೇ. ನಮ್ಮ ಮೀರತ್ತಿನ ಕತ್ತರಿಗೂ ಸುಮಾರು ಮೂರು ಶತಮಾನಗಳ ಪರಂಪರೆಯನ್ನು ಹೇಳುತ್ತಾರೆ. ಮುರಿದ ಮೋಟಾರು ವಾಹನಗಳ ಸ್ಪ್ರಿಂಗ್ ಪಟ್ಟಿಗಳೇ ಅಲ್ಲಿ ಅಲಗುಗಳಾಗುತ್ತವೆ. ಅಜ್ಜನ ಕತ್ತರಿಯನ್ನು ಮೊಮ್ಮಗ ಬಳಸುತ್ತಾನೆಂಬುದು ಅಲ್ಲಿನವರ ಹೆಮ್ಮೆಯ ಮಾತು. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆಯಿತು.

ಇಷ್ಟೆಲ್ಲ ಇತಿಹಾಸವನ್ನು ಬಲ್ಲ ಮೇಷ್ಟ್ರು 1986ರಲ್ಲಿ ಏನು ಮಾಡಿದರೆಂಬುದನ್ನು ಈಗ ಹೇಳಬೇಕು.

1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಮೂಲಶಿಕ್ಷಣದ ಯೋಜನೆಯನ್ನು ಮುಂದಿಟ್ಟಾಗ ಕೈಕಸುಬೇ ಕಲಿಕೆಯ ಕೇಂದ್ರವಾಗಬೇಕೆಂದಿದ್ದರು. 1977ರ ಈಶ್ವರಭಾಯಿ ಪಟೇಲ್ ಸಮಿತಿಯ ಶಿಫಾರಸಿನಿಂದ ಅದರ ದೂರದ ಮೊಮ್ಮಗುವೊಂದು ಎಸ್.ಯು.ಪಿ.ಡಬ್ಲ್ಯೂ. ಎಂಬ ಹೆಸರಿನಲ್ಲಿ ಶಾಲೆಗಳಿಗೆ ಬಂದಿತು. ನಿಮ್ಮಲ್ಲಿ ಹಲವರಿಗೆ ಆ ಪಿರಿಯಡ್ಡಿನ ನೆನಪು ಪಾಟಿಯಂತೆ ಅಳಿಸಿಹೋಗಿರಬಹುದು. ಅದನ್ನು ಯಾವ ಶಿಕ್ಷಕರಿಗೆ ಪಾಠದ ಹೊರೆ ಕಡಿಮೆಯಿದೆಯೋ ಅವರ ತಲೆಗೆ ಕಟ್ಟುತ್ತಿದ್ದರು. ಆ ವರ್ಷ ಅದು ನನ್ನ ಪಾಲಿಗೆ ಬಂದಿತು. ನಾನು ಬಹಳ ಉತ್ಸಾಹದಿಂದ "ಕೌದಿ ಮಾಡೋಣ" ಎಂದೆ. ಮಕ್ಕಳು ಮನೆಯಿಂದ ಹಳೆಯ ಅರಿವೆ ತಂದರು. ಶಾಲೆಯ ಕಪಾಟಿನಲ್ಲಿ ಆರು ಕತ್ತರಿಗಳಿದ್ದವು, ಎಲ್ಲವೂ ಕಾಗದ ಕತ್ತರಿಸಿ ಮೊಂಡಾದವು. ಅದನ್ನು ನಾನು ನೋಡಿದೆ; ನೋಡಿಯೂ ಸಾಣೆ ಹಿಡಿಸಲಿಲ್ಲ.

ಈ ಹುಡುಗಿ ಕತ್ತರಿಯನ್ನು ಎಡಗೈಯಲ್ಲಿ ಹಿಡಿದಳು. ಅರಿವೆ ಕತ್ತರಿಸದೆ ಎರಡು ಅಲಗುಗಳ ನಡುವೆ ಮಡಚಿಕೊಂಡು ನಿಂತಿತು. ಉಳಿದವರು ನಕ್ಕರು. ನಾನು ಹೋಗಿ, "ಬಲಗೈಯಾಗ ಹಿಡಿ, ಎಲ್ಲಾರಂಗ ಕತ್ತರಿಸು" ಎಂದು ಗದರಿಸಿದೆ. ಆಕೆ ಮರುಮಾತಾಡದೆ ಕೈ ಬದಲಿಸಿದಳು. ಎರಡು ನಿಮಿಷದಲ್ಲಿ ಕೂಗು ಕೇಳಿಸಿತು. ಪಳಗದ ಬಲಗೈ, ಮೊಂಡ ಕತ್ತರಿ, ನಾಲ್ಕು ಪದರ ಅರಿವೆ. ಬಲವೆಲ್ಲ ಹಾಕಿ ಒತ್ತಿದಾಗ ಅಲಗು ಜಾರಿ, ಅರಿವೆಯನ್ನು ಹಿಡಿದಿದ್ದ ಎಡಗೈ ತೋರುಬೆರಳಿನ ಬದಿಯನ್ನು ಕತ್ತರಿಸಿತ್ತು. ಆಸ್ಪತ್ರೆಗೆ ಒಯ್ದೆ, ಮೂರು ಹೊಲಿಗೆ ಹಾಕಿದರು, ಚುಚ್ಚುಮದ್ದು ಕೊಟ್ಟರು. ಗಾಯ ಮಾಯಿತು. ಆದರೆ ಬೆರಳಿನ ಇಕ್ಕೆಲಗಳಲ್ಲಿ ನೂಲಿನೆಳೆಯಂತಹ ನರಗಳು ಸಾಗುತ್ತವೆ. ಅವುಗಳಲ್ಲೊಂದು ತುಂಡಾದದ್ದು ಆಗ ಯಾರ ಗಮನಕ್ಕೂ ಬರಲಿಲ್ಲ. ಆ ಬೆರಳ ತುದಿಗೆ ಇಂದಿಗೂ ಸ್ಪರ್ಶಜ್ಞಾನವಿಲ್ಲ. ಆಕೆ ಬರೆಯುವುದು ಎಡಗೈಯಿಂದ. ಆ ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಇತಿಹಾಸದ ಉತ್ತರಪತ್ರಿಕೆ ಅಂಕುಡೊಂಕಾಗಿತ್ತು. ಅಕ್ಷರ ಚೆನ್ನಾಗಿಲ್ಲವೆಂದು ಅಂಕ ಕಳೆದವನೂ ನಾನೇ.

ಎಡಚರ ಕೈಯಲ್ಲಿ ಕತ್ತರಿ ಏಕೆ ಕೆಲಸ ಮಾಡುವುದಿಲ್ಲವೆಂಬುದನ್ನು ನಾನು ತಿಳಿದುಕೊಂಡದ್ದು ಬಹಳ ವರ್ಷಗಳ ಮೇಲೆ. ಸಾಮಾನ್ಯ ಕತ್ತರಿಯಲ್ಲಿ ಬಲಬದಿಯ ಅಲಗು ಮೇಲಿರುತ್ತದೆ. ಬಲಗೈಯಿಂದ ಮುಚ್ಚುವಾಗ ಹೆಬ್ಬೆರಳು ಹೊರಕ್ಕೂ ಉಳಿದ ಬೆರಳುಗಳು ಒಳಕ್ಕೂ ನಮಗರಿವಿಲ್ಲದೆಯೇ ಹಿಡಿಕೆಗಳನ್ನು ತಳ್ಳುತ್ತವೆ. ಆ ತಳ್ಳುವಿಕೆಯಿಂದ ಅಲಗುಗಳು ಒಂದಕ್ಕೊಂದು ಒತ್ತಿಕೊಂಡು ಅರಿವೆ ಕತ್ತರಿಸುತ್ತದೆ. ಅದೇ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಈ ಒತ್ತಡ ತಿರುಗುಮುರುಗಾಗಿ ಅಲಗುಗಳು ದೂರ ಸರಿಯುತ್ತವೆ, ಅರಿವೆ ನಡುವೆ ಮಡಚಿಕೊಳ್ಳುತ್ತದೆ. ಸಾಲದ್ದಕ್ಕೆ ಮೇಲಿನ ಅಲಗು ಕತ್ತರಿಸಬೇಕಾದ ಗೆರೆಯನ್ನೇ ಮರೆಮಾಡುತ್ತದೆ. ಹುಡುಗಿಯ ಕೈಯಲ್ಲಿ ದೋಷವಿರಲಿಲ್ಲ. ಅದು ಅವಳಿಗಾಗಿ ಮಾಡಿದ ಕತ್ತರಿಯಾಗಿರಲಿಲ್ಲ. ಅಲಗುಗಳನ್ನು ಅದಲುಬದಲು ಕೂಡಿಸಿದ ಎಡಚರ ಕತ್ತರಿ ಬೇರೆಯೇ ಇದೆ. ಹಿಡಿಕೆಯ ಆಕಾರವನ್ನಷ್ಟೇ ಬದಲಿಸಿ 'ಎರಡೂ ಕೈಗೆ ಸಲ್ಲುತ್ತದೆ' ಎಂದು ಮಾರುವುದನ್ನು ನಂಬಬೇಡಿ. ಅಲಗು ಯಾವುದು ಮೇಲಿದೆ ನೋಡಿ.

ಈಗ ಆ ಗಾಲಿ ಕಟರಿನ ವಿಷಯ. ಅದರ ಕಥೆ ಜಪಾನಿನ ಒಸಾಕಾದಲ್ಲಿ ಆರಂಭವಾಗುತ್ತದೆ. ಯೋಶಿಯೋ ಒಕಾಡಾ ಎಂಬ ತರುಣ ಅಲ್ಲಿನ ಮುದ್ರಣಾಲಯವೊಂದರಲ್ಲಿ ಕಾಗದ ಕತ್ತರಿಸುವ ಕೆಲಸದಲ್ಲಿದ್ದ. ನಮ್ಮ ಅವ್ವನಂತೆಯೇ ಅವರೂ ಕ್ಷೌರದ ಬ್ಲೇಡುಗಳನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುತ್ತಿದ್ದರು. ಬ್ಲೇಡಿನ ಮೂಲೆ ಬೇಗ ಮೊಂಡಾಗುತ್ತಿತ್ತು, ಉಳಿದ ಭಾಗ ವ್ಯರ್ಥ. ಚಮ್ಮಾರರು ಗಾಜಿನ ಚೂರನ್ನು ಬಳಸಿ, ಮೊಂಡಾದಾಗ ಮುರಿದು ಹೊಸ ಅಂಚು ಪಡೆಯುತ್ತಿದ್ದುದು, ಯುದ್ಧಾನಂತರ ಅಮೆರಿಕದ ಸೈನಿಕರು ಹಂಚುತ್ತಿದ್ದ ಗೆರೆಗೆರೆಯ ಚಾಕೊಲೇಟು, ಇವೆರಡೂ ಅವನ ನೆನಪಿಗೆ ಬಂದು, 1956ರಲ್ಲಿ ತುದಿ ಮುರಿದರೆ ಹೊಸ ಅಂಚು ಬರುವ ಚೂರಿ ಹುಟ್ಟಿತು. ನಮ್ಮ ಎಲ್ಲ ಪುಸ್ತಕದಂಗಡಿಗಳಲ್ಲಿ 'ಪೇಪರ್ ಕಟರ್' ಎಂದು ಸಿಗುವುದು ಅದರ ಸಂತತಿಯೇ. 'ಓಲ್ಫಾ' ಎಂಬ ಅವನ ಕಂಪನಿಯ ಹೆಸರು ಜಪಾನಿ ಭಾಷೆಯ 'ಮುರಿ', 'ಅಲಗು' ಎಂಬ ಶಬ್ದಗಳಿಂದ ಬಂದುದು. ಅದೇ ಕಂಪನಿ 1979ರಲ್ಲಿ ಅರಿವೆಗಾಗಿ ಗಾಲಿ ಕಟರನ್ನು ತಂದಿತು.

ಅಮೆರಿಕದಲ್ಲಿ 1976ರ ಸ್ವಾತಂತ್ರ್ಯದ ದ್ವಿಶತಮಾನೋತ್ಸವದ ಸುಮಾರಿಗೆ ಕೌದಿಯ ಹವ್ಯಾಸ ಮತ್ತೆ ಚಿಗುರಿತ್ತು. ಅಲ್ಲಿಯವರೆಗೆ ಅವರು ರಟ್ಟಿನ ಅಚ್ಚನ್ನು ಅರಿವೆಯ ಮೇಲಿಟ್ಟು, ಪೆನ್ಸಿಲಿನಲ್ಲಿ ಗೆರೆಯೆಳೆದು, ಒಂದೊಂದೇ ತುಣುಕನ್ನು ಕತ್ತರಿಯಿಂದ ಕತ್ತರಿಸುತ್ತಿದ್ದರು. ಗಾಲಿ ಕಟರು ನಾಲ್ಕಾರು ಪದರಗಳನ್ನು ಒಂದೇ ಎಳೆತಕ್ಕೆ ಕತ್ತರಿಸಿಬಿಟ್ಟಿತು. ದಿನಗಳ ಕೆಲಸ ಗಂಟೆಗಿಳಿಯಿತು. ಬೆರಳಿನ ಗಾಯವೂ ಅಷ್ಟೇ ಚುರುಕಾಯಿತು! ಕತ್ತರಿ ಕಚ್ಚುವಾಗ ಎರಡು ಅಲಗುಗಳ ನಡುವೆ ಬೆರಳು ಬರಬೇಕು. ಈ 45 ಮಿಲಿಮೀಟರಿನ ತಟ್ಟೆಗೆ ಸುತ್ತಲೂ ಅಂಚು, ಅದು ಎಲ್ಲಿ ಮುಟ್ಟಿದರೂ ಕೊಯ್ಯುತ್ತದೆ.

ಹಾಗಾದರೆ ಹುಡುಗಿಗೆ ನಾನು ಹೇಳುವುದು ಇದು. ಮಗಳೇ, ಒಂದೇ ಒಂದು ಅಭ್ಯಾಸವನ್ನು ಉಸಿರಿನಂತೆ ಮಾಡಿಕೋ: ಪ್ರತಿ ಎಳೆತದ ಕೊನೆಗೆ, ಕಟರನ್ನು ಕೆಳಗಿಡುವ ಮೊದಲು, ಅಲಗಿನ ಮರೆಯನ್ನು ಮುಚ್ಚು. ಮುಂದಿನ ಎಳೆತ ಎರಡು ಕ್ಷಣದಲ್ಲಿದ್ದರೂ ಮುಚ್ಚು. ಕೌದಿಯ ಅರಿವೆಗಳ ರಾಶಿಯಲ್ಲಿ ತೆರೆದ ಅಲಗು ಹುದುಗಿಬಿಟ್ಟರೆ ಹುಡುಕುವ ಕೈಗೇ ಅದು ಮೊದಲು ಸಿಗುವುದು. ಎಳೆತ ಯಾವಾಗಲೂ ಮೈಯಿಂದ ದೂರಕ್ಕೆ. ಕುಳಿತು ಕತ್ತರಿಸಬೇಡ, ಎತ್ತರದ ಮೇಜಿನ ಮುಂದೆ ನಿಂತುಕೋ. ಪಾರದರ್ಶಕ ಪಟ್ಟಿಯನ್ನು ಒತ್ತಿ ಹಿಡಿಯುವ ಕೈಯ ಬೆರಳುಗಳು ಪಟ್ಟಿಯ ಅಂಚಿನಿಂದ ಹೊರಗೆ ಇಣುಕಬಾರದು; ಹೆಚ್ಚು ಗಾಯವಾಗುವುದು ಹಾಗೆ ಇಣುಕಿದ ಬೆರಳಿಗೆ. ಪಟ್ಟಿ ಉದ್ದವಿದ್ದರೆ ಕಟರನ್ನು ನಡುವೆ ನಿಲ್ಲಿಸಿ ಕೈಯನ್ನು ಮುಂದೆ ಸರಿಸಿಕೋ. ತನ್ನಷ್ಟಕ್ಕೆ ಗೀರು ಮುಚ್ಚಿಕೊಳ್ಳುವ ಹಸಿರು ಹಾಸು ಸಿಗುತ್ತದೆ, ಸುಶ್ರುತನ ಬೂರುಗದ ಹಲಗೆಯ ದೂರದ ನೆಂಟ, ಅದಿಲ್ಲದೆ ಕತ್ತರಿಸಬೇಡ. ಒಂದೇ ಸಲಕ್ಕೆ ಕತ್ತರಿಸದೆ ನಡುನಡುವೆ ಎಳೆ ಬಿಡತೊಡಗಿದರೆ ಅಲಗು ಮೊಂಡಾಯಿತೆಂದು ತಿಳಿದು ಬದಲಿಸು, ತೋಳಿನ ಬಲ ಹಾಕಬೇಡ. ಹಳೆಯ ಅಲಗನ್ನು ಕಸದ ಚೀಲಕ್ಕೆ ಎಸೆದರೆ ಪೌರಕಾರ್ಮಿಕರ ಕೈ ಕೊಯ್ಯುತ್ತದೆ. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಕೂಡಿಡು. ಕಟರು ಕೈಜಾರಿ ಬಿದ್ದರೆ ಹಿಡಿಯಲು ಹೋಗಬೇಡ, ಹಿಂದೆ ಸರಿ. ಬರಿಗಾಲಲ್ಲಿ ನಿಲ್ಲಬೇಡ. ನಿದ್ದೆಗಣ್ಣಿನಲ್ಲಿ, ಫೋನಿನಲ್ಲಿ ಮಾತಾಡುತ್ತ, ನಾಳೆ ಬೆಳಿಗ್ಗೆಯೊಳಗೆ ಮುಗಿಸಬೇಕೆಂಬ ಅವಸರದಲ್ಲಿ ಅದನ್ನು ಮುಟ್ಟಬೇಡ. ಅಜ್ಜಿ ದೀಪ ಹಚ್ಚಿದ ಮೇಲೆ ಬೇಡವೆಂದುದನ್ನು ನೆನೆದುಕೋ.

ನೀನು ಎಡಚಿಯೆಂಬುದು ಇಲ್ಲಿ ಅಡ್ಡಿಯಲ್ಲ. ನೇರ ಹಿಡಿಕೆಯ ಗಾಲಿ ಕಟರಿನಲ್ಲಿ ತಿರುಪು ಬಿಚ್ಚಿ ಅಲಗನ್ನು ಇನ್ನೊಂದು ಬದಿಗೆ ಜೋಡಿಸಬಹುದು. ಅಲಗು ಪಟ್ಟಿಯ ಬದಿಗೆ ಬರುವಂತೆ ಜೋಡಿಸಿಕೊಂಡು ಎಡಗೈಯಿಂದಲೇ ಕತ್ತರಿಸು. ಯಾವ ಮೇಷ್ಟ್ರು ಬಂದು ಗದರಿಸಿದರೂ ಬಲಗೈಗೆ ಬದಲಿಸಬೇಡ.

ಕೈಗವಸಿನ ಬಗ್ಗೆಯೂ ಒಂದು ಮಾತು. 1888ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ಅರಿವೆ ಕತ್ತರಿಸುವ ವಿದ್ಯುತ್ ಯಂತ್ರ ಬಂದಂದಿನಿಂದ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ನೂರಾರು ಪದರಗಳನ್ನು ಒಟ್ಟಿಗೆ ಕತ್ತರಿಸುತ್ತಾರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದ. ಅರಿವೆಯನ್ನು ಹಿಡಿಯುವ ಕೈಗೆ ಉಕ್ಕಿನ ಸಣ್ಣ ಬಳೆಗಳನ್ನು ಹೆಣೆದ ಗವಸನ್ನು ಹಾಕಲೇಬೇಕು, ಆದರೆ ಗುರಿ ಮುಟ್ಟುವ ಅವಸರದಲ್ಲಿ ಹುಡುಗರು ಅದನ್ನು ಕಳಚಿಡುತ್ತಿದ್ದರು ಎಂದು ಅವನೇ ಹೇಳಿದ್ದ. ಮನೆಯ ಕೆಲಸಕ್ಕೆ ಉಕ್ಕು ಬೇಡ. ಕೊಯ್ತ ತಡೆಯುವ ನೂಲಿನ ಗವಸು ಸಿಗುತ್ತದೆ. ಅದನ್ನು ಹಾಕಬೇಕಾದುದು ಕಟರ್ ಹಿಡಿಯುವ ಕೈಗಲ್ಲ, ಪಟ್ಟಿ ಹಿಡಿಯುವ ಕೈಗೆ.

ಇಷ್ಟಾದರೂ ಕೊಯ್ದುಕೊಂಡರೆ? ಹರಿಯುವ ನೀರಿನಲ್ಲಿ ತೊಳೆದು, ಶುಭ್ರವಾದ ಅರಿವೆಯಿಂದ ಗಟ್ಟಿಯಾಗಿ ಒತ್ತಿ ಕೈಯನ್ನು ಎದೆಗಿಂತ ಮೇಲೆ ಹಿಡಿಯಬೇಕು. ಅರಿಷಿಣ, ಕಾಫಿಪುಡಿ, ಸುಣ್ಣ ಯಾವುದೂ ಬೇಡ. ಹತ್ತು ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ, ಬೆರಳು ಮಡಿಯದಿದ್ದರೆ, ತುದಿ ಜೋಮು ಹಿಡಿದಂತಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. "ಮುಟ್ಟಿದರೆ ಗೊತ್ತಾಗುತ್ತಿಲ್ಲ" ಎಂದು ಬಾಯಿಬಿಟ್ಟು ಹೇಳಬೇಕು. ಅಂದು ನಾನು ಆ ಹುಡುಗಿಯನ್ನು ಈ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಧನುರ್ವಾಯುವಿಗೆ ತುಕ್ಕು ಕಾರಣವೆಂಬ ನಂಬಿಕೆ ವಿದ್ಯಾವಂತರಲ್ಲೂ ಇದೆ. ಕಾರಣ ತುಕ್ಕಲ್ಲ, ಮಣ್ಣು ಸಗಣಿಗಳಲ್ಲಿರುವ ರೋಗಾಣುವಿನ ಬೀಜಕಗಳು. ಜಪಾನಿನ ಕಿಟಸಾಟೊ 1889ರಲ್ಲಿ ಆ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದರು. ಮರುವರ್ಷ ಅವರೂ ಜರ್ಮನಿಯ ಬೆಹ್ರಿಂಗರೂ ಪ್ರತಿವಿಷದ ಶೋಧವನ್ನು ಪ್ರಕಟಿಸಿದರು. 1920ರ ದಶಕದಲ್ಲಿ ಫ್ರಾನ್ಸಿನ ರಮೋನ್ ಲಸಿಕೆಗೆ ಬೇಕಾದ ಟಾಕ್ಸಾಯ್ಡನ್ನು ಸಿದ್ಧಪಡಿಸಿದರು. ನಮ್ಮ ದೇಶದಲ್ಲಿ ಬಾಣಂತಿಯರ ಮತ್ತು ಹಸುಗೂಸುಗಳ ಧನುರ್ವಾಯು ಬಹುತೇಕ ಇಲ್ಲವಾಯಿತೆಂದು 2015ರಲ್ಲಿ ಘೋಷಣೆಯಾಯಿತು. ಅಪ್ಪ ರಾತ್ರಿ ಎದ್ದು ಅವ್ವನ ದವಡೆ ನೋಡುತ್ತಿದ್ದುದನ್ನು ಕಂಡವನಿಗೆ ಆ ಸುದ್ದಿಯ ಬೆಲೆ ಗೊತ್ತು. ಆದರೂ ಲಸಿಕೆಯ ಬಲ ಕಾಲಕ್ರಮದಲ್ಲಿ ಕುಗ್ಗುತ್ತದೆ. ಹಿಂದಿನ ಟಿ.ಟಿ. ಬದಲು ಈಗ ಟಿ.ಡಿ. ಕೊಡುತ್ತಾರೆ, ಕಡೆಯ ಸಲ ಯಾವಾಗ ತೆಗೆದುಕೊಂಡಿರೆಂದು ನೆನಪಿಲ್ಲದವರು ವೈದ್ಯರನ್ನು ಕೇಳಿ.

ಇದನ್ನೆಲ್ಲ ಬರೆದು ಮೊದಲು ಆ ನನ್ನ ವಿದ್ಯಾರ್ಥಿನಿಗೇ ಕಳುಹಿಸಿದೆ. ಜೊತೆಗೆ ಮೂವತ್ತೆಂಟು ವರ್ಷಕ್ಕೂ ಮೀರಿ ತಡವಾದ ನನ್ನ ಕ್ಷಮಾಪಣೆಯನ್ನೂ ಬರೆದೆ. ಆಕೆ ಫೋನು ಮಾಡಿದಳು. ಕ್ಷಮಾಪಣೆಯ ಮಾತನ್ನು ಎತ್ತಲೇ ಇಲ್ಲ. "ಸರ್, ನಾನೂ ಮಗಳ ಜೋಡಿ ಹೊಲೀಲಿಕ್ಕೆ ಕುಂದರ್ತೇನಿ. ಆ ಬೆರಳಿಗೆ ಸೂಜಿ ಚುಚ್ಚಿದ್ರ ಗೊತ್ತೇ ಆಗೂದಿಲ್ರಿ. ಅರಿವಿ ಮ್ಯಾಲೆ ರಕ್ತ ಕಂಡಾಗನ ಗೊತ್ತಾಗೂದು" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಅವ್ವನ ಹಳೆಯ ಟ್ರಂಕಿನಲ್ಲಿ ಅವಳ ಹಿತ್ತಾಳೆಯ ಅಂಗುಸ್ತಾನವಿತ್ತು. ಪಾರಸಿ ಭಾಷೆಯಲ್ಲಿ ಅಂಗುಷ್ಟ್ ಎಂದರೆ ಬೆರಳು. ದರ್ಜಿಗಳ ಬಾಯಿಂದ ಆ ಹೆಸರು ನಮ್ಮ ಮನೆಗಳಿಗೆ ಬಂದಿದೆ. ಹುಣಿಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಮರುದಿನವೇ ಅಂಚೆಗೆ ಹಾಕಿದೆ. ತಲುಪಿತೆಂದು ನಿನ್ನೆ ಸುದ್ದಿ ಬಂದಿದೆ. ತೋರುಬೆರಳಿಗೆ ಸ್ವಲ್ಪ ಸಡಿಲವಂತೆ. ಒಳಗೆ ಅರಿವೆಯ ಪಟ್ಟಿಯೊಂದನ್ನು ಸುತ್ತಿ ಹಾಕಿಕೊಂಡಿದ್ದಾಳಂತೆ.